ಪಟ್ಟಿ ಮೊದಲು, ಸಾವು ಆಮೇಲೆ

ಫೋನ್ ರಿಂಗಾಯಿತು.

ಓಣಿಯ ಆ ತುದಿಯಲ್ಲಿ, ಯಾವುದೋ ಮನೆಯೊಳಗೆ. ಮೊದಲು ಆ ಮನೆಯ ಮಗ್ಗ ನಿಂತಿತು. ಆಮೇಲೆ ಪಕ್ಕದ್ದು. ಆಮೇಲೆ ಎದುರಿನದು. ಯಾರೋ ಒಬ್ಬರು ಸಾಲಾಗಿ ದೀಪ ಆರಿಸಿಕೊಂಡು ಬಂದ ಹಾಗೆ ಲಾಳಿಯ ಸದ್ದು ಒಂದೊಂದೇ ಮನೆಯಲ್ಲಿ ಆರುತ್ತ ಬಂತು. ಬೆಳಗಿನ ಹತ್ತೂವರೆಯ ಬಿಸಿಲಿನಲ್ಲಿ ಮೊಳಕಾಲ್ಮುರಿನ ಮಗ್ಗದ ಓಣಿ ಪೂರ್ತಿ ಸುಮ್ಮನಾಯಿತು.

ಫೋನ್ ಮಾತ್ರ ಕೂಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಪ್ರೇಮಲತಾ ಓಣಿಯ ಮಧ್ಯೆ ನಿಂತುಬಿಟ್ಟಳು. ಮುಂದೆ ಹೆಜ್ಜೆ ಇಟ್ಟರೆ ತನ್ನ ಚಪ್ಪಲಿಯ ಸದ್ದು ಎಲ್ಲರಿಗೂ ಕೇಳುತ್ತದೆ ಅನ್ನಿಸಿತು. ಕಿಟಕಿಗಳ ಹಿಂದೆ ಮುಖಗಳಿದ್ದವು. ಅವು ಅವಳನ್ನು ನೋಡುತ್ತಿರಲಿಲ್ಲ, ಆ ಸದ್ದು ಬರುವ ಕಡೆ ನೋಡುತ್ತಿದ್ದವು.

ಕೊನೆಗೆ ಅದೇ ಸೋತು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಒಂದು ಮಗ್ಗ ಟಕ್ ಎಂದಿತು. ಇನ್ನೊಂದು ಉತ್ತರ ಕೊಟ್ಟಿತು.

"ಹೆದರ್ಕೊಂಡ್ರಾ ಮೇಡಂ?" ಕಟ್ಟೆಯ ಮೇಲೆ ಕೂತಿದ್ದ ಯರ್ರಮ್ಮ ಕೇಳಿದಳು. "ನಮಗೆ ರೂಢಿ ಆಗೈತೆ ಬಿಡ್ರಿ. ಎತ್ತಿದ್ರೆ ಹೆಸರು ಕೇಳ್ತಾರೆ. ಹೆಸರು ಕೇಳಿದ್ರೆ ಆ ಮನುಷ್ಯ ಉಳಿಯಲ್ಲ."

ಆರೋಗ್ಯ ವೆಚ್ಚದ ಪರಿಶೋಧನೆಗೆಂದು ಪ್ರೇಮಲತಾ ಈ ತಾಲ್ಲೂಕಿಗೆ ಬಂದು ಆರು ದಿನವಾಗಿತ್ತು. ಆರು ದಿನದಲ್ಲಿ ಅವಳಿಗೆ ಖಚಿತವಾಗಿ ಗೊತ್ತಾದದ್ದು ಇಷ್ಟೇ: ಈ ಓಣಿಯಲ್ಲಿ ಪಟ್ಟಿ ಮೊದಲು ಬರುತ್ತದೆ, ಸಾವು ಆಮೇಲೆ ಬರುತ್ತದೆ.

ಆ ಪಟ್ಟಿ ಅವಳ ಚೀಲದಲ್ಲೇ ಇತ್ತು. ಸರ್ಕಾರಿ ಖರ್ಚಿನಲ್ಲಿ ಔಷಧ, ಚಿಕಿತ್ಸೆ ಪಡೆಯುವವರ ಪೈಕಿ ಬದುಕಿರುವಾಗಲೇ 'ಮೃತ' ಎಂದು ತೆಗೆದುಹಾಕಿದ ನಲವತ್ತೊಂದು ಹೆಸರು. ಪ್ರತಿ ಹೆಸರಿನ ಎದುರೂ ಒಂದೇ ವಾಕ್ಯ: ದೂರವಾಣಿ ಮೂಲಕ ದೃಢಪಟ್ಟಿದೆ. ಆ ನಲವತ್ತೊಂದರಲ್ಲಿ ನಾಲ್ವರು ಚಳ್ಳಕೆರೆಯ ಕೇಂದ್ರಕ್ಕೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವವರು. ಜಂಪಣ್ಣ. ಚಂದ್ರಣ್ಣ. ಎರ್ರಿಸ್ವಾಮಿ. ಪುಷ್ಪಾ.

ತಮ್ಮ ತಮ್ಮ ಹೆಸರು ಪಟ್ಟಿಗೆ ಸೇರಿದ ದಿನ ನಾಲ್ವರೂ ಬದುಕಿದ್ದರು. ಈಗ ಮೂವರು ಇಲ್ಲ.

ಎರ್ರಿಸ್ವಾಮಿ ಯರ್ರಮ್ಮನ ಗಂಡ.

"ಕೊನೆಯ ಸಲ ಕೇಂದ್ರಕ್ಕೆ ಹೋದಾಗ ಏನಾಯ್ತು, ಇನ್ನೊಂದು ಸಲ ಹೇಳ್ತೀರಾ?" ಪ್ರೇಮಲತಾ ಅವಳ ಪಕ್ಕ ಕೂತಳು.

"ಎಷ್ಟು ಸಲ ಹೇಳ್ಲಿ? ರಕ್ತ ತೊಳ್ಸಕ್ಕೆ ಅಂತ ಹೋದ್ವಿ. ಕಾರ್ಡ್ ನಂಬರ್ ಒತ್ತಿದ್ರು. ಆ ಕಂಪ್ಯೂಟರ್ ಹುಡುಗ ಇವರನ್ನ ನೋಡ್ತಾನೆ, ಪರದೆ ನೋಡ್ತಾನೆ, ಇವರನ್ನ ನೋಡ್ತಾನೆ. 'ಅಜ್ಜ, ನೀನು ಸತ್ತೀಯಂತೆ' ಅಂದ."

"ಅವರೇನಂದ್ರು?"

ಯರ್ರಮ್ಮನ ತುಟಿ ಒಂದು ಬದಿಗೆ ಎಳೆದುಕೊಂಡಿತು. ಅದು ನಗುವೇ. "'ಹಂಗಾದ್ರೆ ಬಸ್ ಚಾರ್ಜ್ ವಾಪಸ್ ಕೊಡ್ರಪ್ಪಾ, ಹೆಣಕ್ಕೆ ಯಾರು ಟಿಕೆಟ್ ತಗೋತಾರೆ' ಅಂದ್ರು. ಅಲ್ಲಿದ್ದೋರೆಲ್ಲ ನಕ್ರು. ನಾನೂ ನಕ್ಕೆ. ಬದುಕಿರೋದಕ್ಕೆ ತಹಸೀಲ್ದಾರ್ ಹತ್ರ ಕಾಗದ ತರ್ರಿ ಅಂದ್ರು. ಹದಿನೈದು ದಿನ ಆಗ್ತೈತೆ ಅಂದ್ರು ತಾಲ್ಲೂಕ್ ಆಫೀಸಲ್ಲಿ. ಇವರು ಹನ್ನೊಂದೇ ದಿನ ಇದ್ರು."

"ಆ ಫೋನ್ ಬಂದಾಗ ಎತ್ತಿದ್ದು ಯಾರು?"

"ನಾನೇ. ಒಂದು ಹುಡುಗಿ. ಎಂಥ ಸಕ್ಕರೆಯಂಥ ತೆಲುಗು ಅಂತೀರಿ, ಸಿನಿಮಾದಾಗೆ ಮಾತಾಡಿದಂಗೆ. 'ಎರ್ರಿಸ್ವಾಮಿಗಾರು ಉನ್ನಾರಾ' ಅಂದ್ಳು, ಇದಾರಾ ಅಂತ. ಇಲ್ಲ, ಹೋದ್ರು ಅಂದೆ. ಸಂತೆಗೆ ಹೋಗಿದ್ರು ಅವತ್ತು."

"ಸತ್ತಿದಾರೆ ಅಂತ ನೀವು ಹೇಳ್ಲಿಲ್ಲ."

ಯರ್ರಮ್ಮ ಅವಳನ್ನೇ ನೋಡಿದಳು. "ಗಂಡ ಸಂತೆಗೆ ಹೋದ್ರೆ ಸತ್ತ ಅಂತಾರೇನ್ರಿ ನಿಮ್ಮೂರಾಗೆ?"

ಪ್ರೇಮಲತಾ ತಲೆ ತಗ್ಗಿಸಿದಳು. ಅವಳು ಮೊದಲ ದಿನದಿಂದಲೂ ಬೇರೆ ಒಂದು ಲೆಕ್ಕದಲ್ಲಿದ್ದಳು. ಚಳ್ಳಕೆರೆ ಕೇಂದ್ರದಲ್ಲಿ ಆರು ಕುರ್ಚಿ. ಕಾಯುತ್ತಿರುವವರು ಹತ್ತೊಂಬತ್ತು ಜನ. ಒಂದು ಕುರ್ಚಿ ಖಾಲಿಯಾಗಬೇಕಾದರೆ ಯಾರಾದರೂ ಸಾಯಬೇಕು, ಇಲ್ಲವೆ ಸತ್ತರೆಂದು ಯಾರಾದರೂ ಬರೆಯಬೇಕು. ಬರೆಯುವವನಿಗೆ ಲಾಭವಿದ್ದರೆ ಅವನನ್ನು ಹುಡುಕುವುದು ಕಷ್ಟವಲ್ಲ.

ಆದರೆ ಆ ಲೆಕ್ಕದಲ್ಲಿ ಒಂದು ಹೊಂದದ ಗಂಟಿತ್ತು. ನಲವತ್ತೊಂದು ಹೆಸರೂ ತೆಲುಗು ಮಾತನಾಡುವ ನೇಕಾರರ ಮನೆಗಳವೇ. ಕೊಂಡ್ಲಹಳ್ಳಿಯಲ್ಲಿ, ಬಿ.ಜಿ. ಕೆರೆಯಲ್ಲಿ, ಕನ್ನಡದವರ ಕೇರಿಗಳಲ್ಲಿ ಒಬ್ಬರೂ ಹೀಗೆ ಬದುಕಿದ್ದೂ ಸತ್ತಿರಲಿಲ್ಲ. ಕುರ್ಚಿ ಕದಿಯುವವನು ಭಾಷೆ ನೋಡಿ ಕದಿಯುತ್ತಾನೆಯೆ?

"ಪುಷ್ಪಾ ಮನೆಗೆ ಹೋಗ್ಬರ್ತೀನಿ," ಎಂದು ಎದ್ದಳು.

"ಹೋಗ್ರಿ. ಇದ್ರೆ ಮಾತಾಡ್ಸಿ," ಅಂದಳು ಯರ್ರಮ್ಮ.

ಆ 'ಇದ್ರೆ' ಅನ್ನುವ ಮಾತು ಪ್ರೇಮಲತಾಳ ಬೆನ್ನಿಗೆ ಅಂಟಿಕೊಂಡು ಬಂತು.

ಪುಷ್ಪಾಳ ಮನೆಯೊಳಗೆ ಕತ್ತಲೆಯಿತ್ತು. ಕಣ್ಣು ಹೊಂದಿಕೊಳ್ಳುವವರೆಗೆ ಬಾಗಿಲಲ್ಲೇ ನಿಂತಳು. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವ ಮಗ್ಗ. ಅಗಲ ಅಂಚಿನ ರೇಷ್ಮೆ ಸೀರೆ, ಇಬ್ಬರು ಕೂತು ಎರಡು ಕಡೆಯಿಂದ ಲಾಳಿ ದಾಟಿಸಬೇಕಾದದ್ದು. ಎರಡೂ ಬದಿಯ ಹಲಗೆಗಳ ಮೇಲೆ ಯಾರೂ ಇರಲಿಲ್ಲ. ಅರ್ಧ ನೇಯ್ದ ನವಿಲು ಹಸಿರಿನ ಸೀರೆಗೆ ಒಡಲು ಮೂಡಿತ್ತು, ಒಂದು ಬದಿಯ ಅಂಚು ಮೂಡಿರಲಿಲ್ಲ.

ಪುಷ್ಪಾಳ ತಾಯಿ ಗೋವಿಂದಮ್ಮ ಗೋಡೆಗೊರಗಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಗೋವಿಂದಮ್ಮಾ, ಪುಷ್ಪಾ ಎಲ್ಲಿ?"

"ಲೇದಮ್ಮಾ," ಇಲ್ಲ ಅಂದಳು ಗೋವಿಂದಮ್ಮ. "ಪೋಯಿಂದಿ."

ರಾಟೆ ತಿರುಗುತ್ತಲೇ ಇತ್ತು.

ಪ್ರೇಮಲತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳಿಗೆ ತೆಲುಗು ಗೊತ್ತಿತ್ತು. ದಾವಣಗೆರೆಯ ಹಾಸ್ಟೆಲಿನಲ್ಲಿ ಮೂರು ವರ್ಷ ಅವಳ ಕೋಣೆಯಲ್ಲಿದ್ದವಳು ಗುಂಟೂರಿನ ಕಡೆಯವಳು. ಒಂದು ಮಧ್ಯಾಹ್ನ ಆ ಹುಡುಗಿಗೆ ಊರಿನಿಂದ ಫೋನ್ ಬಂದಿತ್ತು. ಇಟ್ಟಮೇಲೆ ಆಕೆ ಹೇಳಿದ್ದು ಇದೇ ಒಂದು ಶಬ್ದ. ಅಮ್ಮಮ್ಮ ಪೋಯಿಂದಿ. ಅಜ್ಜಿ ತೀರಿಹೋದಳು.

ನಾಲ್ಕನೆಯ ಹೆಸರು. ಒಂದು ದಿನ ತಡವಾಗಿ ಬಂದೆ. ನಿನ್ನೆಯೇ ಬರಬೇಕಿತ್ತು.

"ಯಾವಾಗ?" ಅಂದಳು ಪ್ರೇಮಲತಾ.

"ಈಗಷ್ಟೇ."

"ಈಗಷ್ಟೇ?" ಹೆಣ ಎಲ್ಲಿ? ಜನ ಯಾಕಿಲ್ಲ? ಈ ತಾಯಿ ನೂಲು ಯಾಕೆ ಸುತ್ತುತ್ತಿದ್ದಾಳೆ? ತಲೆ ಕೆಟ್ಟಿದೆಯೇ ಇವಳಿಗೆ?

ಅಷ್ಟರಲ್ಲಿ ಹಿಂದಿನಿಂದ ಒಂದು ನೆರಳು ಬಂದು ಅವಳ ನೆರಳಿನ ಮೇಲೆ ಬಿತ್ತು.

"ಜರುಗ್ರಿ ಮೇಡಂ, ದಾರಿ ಬಿಡ್ರಿ."

ಪುಷ್ಪಾ. ಕಣ್ಣ ಕೆಳಗೆ ಊದಿಕೊಂಡ, ಬೂದಿಯ ಬಣ್ಣಕ್ಕೆ ತಿರುಗಿದ ಮುಖ. ಕೈಯಲ್ಲಿ ಚಿಕ್ಕ ಸ್ಟೀಲ್ ಡಬ್ಬಿ. ಅಂಗಡಿಯಿಂದ ಎರಡು ಹೆಜ್ಜೆ ನಡೆದುಬಂದದ್ದಕ್ಕೆ ಉಸಿರಾಡಲು ಒದ್ದಾಡುತ್ತಿದ್ದಳು. ಆದರೂ ಉಸಿರಾಡುತ್ತಿದ್ದಳು.

ಪ್ರೇಮಲತಾ ಅವಳ ಮೊಣಕೈ ಹಿಡಿದಳು. ಬೆಚ್ಚಗಿತ್ತು.

"ಏನಾಯ್ತ್ರಿ? ದೆವ್ವ ಕಂಡಂಗೆ ನೋಡ್ತೀರಲ್ಲ."

"ನಿಮ್ಮವ್ವ... ನೀನು ಪೋಯಿಂದಿ ಅಂದ್ರು."

"ಹೂಂ. ಅಂಗಡಿಗೆ ಹೋಗಿದ್ದೆ. ಅದಕ್ಕೇನೀಗ?"

"ಪೋಯಿಂದಿ ಅಂದ್ರೆ..."

"ಹೋದ್ಳು ಅಂತ. ಇನ್ನೇನಂತಾರೆ?"

ಪ್ರೇಮಲತಾ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಗೋವಿಂದಮ್ಮ ಈಗ ರಾಟೆ ನಿಲ್ಲಿಸಿ ನೋಡಿದಳು. ಈ ಆಫೀಸರಮ್ಮನಿಗೆ ಬಿಸಿಲು ಹೊಡೆದಿರಬೇಕೆಂದು ನೀರು ತರಲು ಎದ್ದಳು.

ಪೋಯಿಂದಿ. ಪೋಯಿನಾಡು. ಅನಂತಪುರದ ಕಡೆ, ಈ ಗಡಿಯ ಊರುಗಳಲ್ಲಿ ಹೋದಳು, ಹೋದನು ಎಂದಷ್ಟೇ ಅರ್ಥ. ಸಂತೆಗೆ, ಅಂಗಡಿಗೆ, ಬಯಲಿಗೆ. ಆದರೆ ಅದೇ ಮಾತು ಸಮುದ್ರದ ಕಡೆಯ ತೆಲುಗಿನವರ ಕಿವಿಗೆ ಬಿದ್ದರೆ? ಅವರು ಹೋದವರಿಗೆ ವೆಳ್ಳಿಂದಿ ಅನ್ನುತ್ತಾರೆ. ಪೋಯಿಂದಿ ಅನ್ನುವುದು ತಿರುಗಿ ಬಾರದವರಿಗೆ.

ಸಕ್ಕರೆಯಂಥ ತೆಲುಗಿನ ಆ ಹುಡುಗಿ ಎಲ್ಲಿಯವಳೆಂದು ಈಗ ಹೇಳಬೇಕಾಗಿರಲಿಲ್ಲ. ಮನೆಯಲ್ಲಿಲ್ಲದವರನ್ನೆಲ್ಲ ಅವಳು ಸಾಯಿಸಿದ್ದಳು. ಒಂದು ಸುಳ್ಳೂ ಇಲ್ಲದೆ, ಯಾರ ಮೇಲೂ ದ್ವೇಷವಿಲ್ಲದೆ.

"ಪುಷ್ಪಾ, ಕೊನೆಗೆ ಡಯಾಲಿಸಿಸ್ ಆಗಿದ್ದು ಯಾವತ್ತು?"

"ಹೋದ ವಾರದ ಸೋಮವಾರ. ಬೇಸ್ತವಾರ ಹೋದ್ರೆ ಹೆಸರಿಲ್ಲ ಅಂದ್ರು. ಈ ಸೋಮವಾರಾನೂ ಅದೇ."

"ಬಳ್ಳಾರಿಗೆ?"

"ಹೋಗಿದ್ವಿ. ಅಲ್ಲೂ ಅದೇ ಕಾರ್ಡು, ಅದೇ ಕಂಪ್ಯೂಟರ್. ಅಲ್ಲೂ ನಾನು ಸತ್ತೋಗೀನಿ."

ಎರಡು ಸರದಿ ತಪ್ಪಿತ್ತು. ನಾಳೆ ಗುರುವಾರ ಮೂರನೆಯದು. ಅದೂ ತಪ್ಪಿದರೆ ಮುಂದಿನದಕ್ಕೆ ಕಾಯುವ ಹಾಗಿಲ್ಲ ಎಂದು ತಾಲ್ಲೂಕಿನ ವೈದ್ಯರು ಪ್ರೇಮಲತಾಳಿಗೆ ನಿನ್ನೆಯೇ ಹೇಳಿದ್ದರು. ಶುಕ್ರವಾರ ಆಗಸ್ಟ್ ಹದಿನೈದು, ರಜೆ. ನಾಳೆಯ ಕುರ್ಚಿಗಳ ಪಟ್ಟಿ ಇವತ್ತು ಸಂಜೆ ಐದಕ್ಕೆ ಮುಚ್ಚುತ್ತದೆ.

"ಐದರೊಳಗೆ ನಿನ್ನ ಹೆಸರು ವಾಪಸ್ ಬರುತ್ತೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡು."

ಪುಷ್ಪಾ ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು.

"ಯಾಕ್ರಿ ಇಷ್ಟು ಓಡಾಡ್ತೀರಾ," ಅಂದಳು. "ಬಿಡ್ರಿ."

ದಣಿವಿನ ಮಾತೆಂದುಕೊಂಡು ಪ್ರೇಮಲತಾ ಅದನ್ನು ಅಲ್ಲೇ ಬಿಟ್ಟಳು. ಶಬ್ದಗಳ ಬಗ್ಗೆ ಅಷ್ಟು ಎಚ್ಚರದಿಂದಿರುವ ಹೆಂಗಸು, ಆ ಮನೆಯಲ್ಲಿ ಫೋನ್ ಎತ್ತಿದವರು ಯಾರು ಎಂದು ಕೇಳುವುದನ್ನೇ ಮರೆತು ಹೊರಟಳು.

ಹಾನಗಲ್ ಕ್ರಾಸಿನಿಂದ ಚಳ್ಳಕೆರೆಯವರೆಗೆ ಬಸ್ಸಿನಲ್ಲಿ ಒಂಬತ್ತೇ ಜನ. ದೂರದ ಬೋಳು ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಒಂದು ಮಾತ್ರ ನಿಂತಿತ್ತು. ಅಷ್ಟು ಗಾಳಿಯಲ್ಲಿ ಅದೊಂದೇ ಯಾಕೆ ನಿಂತಿದೆಯೆಂದು ತಳಕು ದಾಟುವವರೆಗೂ ಪ್ರೇಮಲತಾ ಹಿಂತಿರುಗಿ ನೋಡುತ್ತಿದ್ದಳು.

ಹಿಂದಿನ ಸೀಟಿನಲ್ಲಿ ಯಾರದೋ ಫೋನ್ ರಿಂಗಾಯಿತು. ತನಗರಿವಿಲ್ಲದೆಯೇ ಪ್ರೇಮಲತಾ ಉಸಿರು ಬಿಗಿಹಿಡಿದಿದ್ದಳು. ಆ ಮನುಷ್ಯ "ಹಲೋ, ಹೇಳಲೇ" ಅಂದಮೇಲಷ್ಟೇ ಬಿಟ್ಟಳು.

ಫೋನ್ ಮಾಡಿಸಿ ಹೆಸರು ತೆಗೆಯುತ್ತಿದ್ದ ಸದ್ವಿನಿಯೋಗ ಯೋಜನೆಯ ಕಚೇರಿ ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೂ ಶೇಂಗಾ ಹಿಂಡಿಯ ವಾಸನೆ. ಕೆಳಗೆ ಯಂತ್ರ ಓಡುತ್ತಿದ್ದರೆ ಮೇಲೆ ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳುತ್ತಿತ್ತು.

ಸಂಯೋಜಕ ಕೃಷ್ಣಮೂರ್ತಿ ಎದ್ದು ನಿಂತು ಕುರ್ಚಿ ತೋರಿಸಿದರು. ಐವತ್ತರ ಆಸುಪಾಸು, ಮಡಿಕೆ ಮುರಿಯದ ಬಿಳಿ ಅಂಗಿ.

"ನೀವು ಬರ್ತೀರಿ ಅಂತ ಗೊತ್ತಿತ್ತು. ಕುರ್ಚಿ ಮಾರ್ತಿದೀನಿ ಅಂತ ತಾನೆ ನಿಮ್ಮ ಅನುಮಾನ?"

"ನಿನ್ನೆಯವರೆಗೆ ಇತ್ತು."

"ಇವತ್ತು?"

"ಇವತ್ತು ಅದಕ್ಕಿಂತ ಕೆಟ್ಟದ್ದಿದೆ."

ಅವರು ನಕ್ಕರು. ಕಡತ ತೆಗೆದರು. "ನೋಡಿ ಮೇಡಂ. ಹೋದ ವರ್ಷ ಈ ಎರಡು ತಾಲ್ಲೂಕಲ್ಲಿ ಮುನ್ನೂರಕ್ಕೂ ಹೆಚ್ಚು ಸತ್ತವರು ತಿಂಗಳು ತಿಂಗಳು ಮಾತ್ರೆ ತಗೊಂಡಿದಾರೆ. ಸ್ವರ್ಗದಲ್ಲಿ ಬಿ.ಪಿ. ಜಾಸ್ತಿ ಅಂತ ಕಾಣುತ್ತೆ. ಆ ಮಾತ್ರೆ ಎಲ್ಲಿ ಮಾರಾಟ ಆಯ್ತು ಅಂತ ನಿಮಗೂ ಗೊತ್ತು. ನಾನು ಆ ಹೆಸರುಗಳನ್ನ ತೆಗೆದೆ. ಉಳಿದ ದುಡ್ಡಲ್ಲಿ ಎರಡು ಡಯಾಲಿಸಿಸ್ ಕುರ್ಚಿ ಬಂತು. ನಾಲ್ಕಿದ್ದದ್ದು ಆರಾಯ್ತು. ಬಡ ತಾಲ್ಲೂಕಿನ ದುಡ್ಡು ಬದುಕಿರೋರಿಗೆ ಖರ್ಚಾಗಲಿ ಅನ್ನೋದು ತಪ್ಪಾ?"

ತಪ್ಪಲ್ಲ. ಎರಡು ವರ್ಷದ ಹಿಂದೆ, ಫಲಾನುಭವಿಗಳ ಪಟ್ಟಿಯನ್ನು ತಕ್ಷಣ ಪರಿಶೀಲಿಸಬೇಕು ಎಂದು ವರದಿ ಬರೆದವರಲ್ಲಿ ಪ್ರೇಮಲತಾಳೂ ಒಬ್ಬಳು. ಆ ವಾಕ್ಯ ಅವಳದೇ. 'ತಕ್ಷಣ' ಅನ್ನುವ ಶಬ್ದವನ್ನು ಕೊನೆಯ ಗಳಿಗೆಯಲ್ಲಿ ಅವಳೇ ಸೇರಿಸಿದ್ದಳು.

"ಮನೆಮನೆಗೆ ಹೋಗಿ ಕೇಳಬಹುದಿತ್ತು," ಅಂದಳು.

"ಮನೆಗೆ ಹೋದ್ರೆ ಒಂದು ಹೆಸರಿಗೆ ನಲವತ್ತು ರೂಪಾಯಿ. ಫೋನಿಗೆ ಮೂರು. ಮೂವತ್ತೇಳು ರೂಪಾಯಿ ಉಳಿಸೋದನ್ನೇ ತಾನೆ ನೀವು ನಮಗೆ ಹೇಳಿಕೊಟ್ಟಿದ್ದು? ಭಾಷೆ ಕೂಡ ನೋಡಿದೀನಿ. ಕನ್ನಡದವರಿಗೆ ಕನ್ನಡದ ಹುಡುಗೀರು, ತೆಲುಗಿನವರಿಗೆ ತೆಲುಗಿನವರು. ರಾಜಮಂಡ್ರಿಯಲ್ಲಿ ಆರು ವರ್ಷ ಇದ್ದೋನು ನಾನು. ಅಲ್ಲಿಯ ಒಳ್ಳೆ ಹುಡುಗೀರನ್ನ ನಾನೇ ಆರಿಸಿದೆ. ಅವರ ಕರೆ ಕೂತು ಕೇಳಿದೀನಿ. ಒಂದೂ ತಪ್ಪಿಲ್ಲ."

"ನಿಮಗೆ ಹಂಗೆ ಕೇಳಿಸಿರಬೇಕು."

"ಅಂದ್ರೆ?"

ಪ್ರೇಮಲತಾ ಬಾಗಿಲ ಕಡೆ ನೋಡಿದಳು. ಕಸ ಗುಡಿಸುವ ಪಾತಮ್ಮ ಎರಡು ಲೋಟ ಟೀ ತಂದು ಮೇಜಿನ ಮೇಲೆ ಇಡುತ್ತಿದ್ದಳು. ಮೆಟ್ಟಿಲು ಹತ್ತುವಾಗ ಅವಳು ಕೆಳಗಿನ ಹಮಾಲಿಗಳ ಜೊತೆ ತೆಲುಗಿನಲ್ಲಿ ಜಗಳವಾಡುತ್ತಿದ್ದುದು ಕೇಳಿಸಿತ್ತು.

"ಪಾತಮ್ಮಾ, ಮೀ ಆಯನ ಎಕ್ಕಡ?" ನಿನ್ನ ಗಂಡ ಎಲ್ಲಿ?

"ಲೇಡಮ್ಮಾ," ಅಂದಳು ಪಾತಮ್ಮ ಲೋಟ ಸರಿಸುತ್ತ. "ಪೋಯಿನಾಡು."

ಕೃಷ್ಣಮೂರ್ತಿಯ ಮುಖ ಕರಗಿತು. "ಅಯ್ಯೋ, ಯಾವಾಗಮ್ಮಾ? ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳೋದೇನೈತೆ ಸಾರ್? ದಿನಾ ಹೋಗ್ತಾನೆ."

"ದಿನಾ?"

"ಮೂಟೆ ಹೊರಕ್ಕೆ. ಕೆಳಗಡೆ ಗಿರಣಿಗೆ." ಪಾತಮ್ಮ ಅವರ ಮುಖ ನೋಡಿದಳು. ಅವಳ ಕೈ ತಟ್ಟನೆ ಕುತ್ತಿಗೆಗೆ ಹೋಯಿತು. "ಏನ್ ಸಾರ್, ನನ್ ತಾಳಿ ಕಡೆ ಯಾಕೆ ನೋಡ್ತೀರಾ? ನಿಮ್ಮ ನಾಲಿಗೆ ಮೇಲೆ ಬೆಂಕಿ ಬೀಳ! ಗಟ್ಟಿಮುಟ್ಟಾಗಿ ಬೀಡಿ ಸೇದ್ಕೊಂಡು ಕೂತವ್ನೆ, ಬೇಕಾದ್ರೆ ಇಣುಕಿ ನೋಡ್ರಿ!"

ಕೃಷ್ಣಮೂರ್ತಿ ಇಣುಕಿ ನೋಡಲಿಲ್ಲ. ಪಾತಮ್ಮ ಗೊಣಗುತ್ತ ಇಳಿದುಹೋದ ಸದ್ದು ಕೇಳಿಸುತ್ತಿತ್ತು. ಮೇಜಿನ ಪೆನ್ನು ಉರುಳಿ ಅಂಚಿಗೆ ಬಂತು, ಬಿತ್ತು. ಅವರು ಎತ್ತಿಕೊಳ್ಳಲಿಲ್ಲ.

"ಎಷ್ಟು ಜನ?" ಎಂದರು ಕೊನೆಗೆ.

"ನಲವತ್ತೊಂದು. ಡಯಾಲಿಸಿಸ್‌ನವರು ನಾಲ್ವರು. ಮೂವರು ಹೋದರು." ಹೇಳಿದ ಮೇಲೆ ಅವಳಿಗೆ ತಾನು ಬಳಸಿದ ಕನ್ನಡ ಶಬ್ದವೂ ಅದೇ ಅನ್ನುವುದು ತಿಳಿಯಿತು. "ಸತ್ತರು. ನಾಲ್ಕನೆಯವಳು ಪುಷ್ಪಾ. ನಾಳೆ ಅವಳ ಸರದಿ."

ಗಂಟೆ ಮೂರೂ ಹತ್ತು.

ಕೃಷ್ಣಮೂರ್ತಿ ಕಂಪ್ಯೂಟರ್ ತೆರೆದರು. ಪ್ರತಿ ಕರೆಯ ಧ್ವನಿಯೂ ಅದರಲ್ಲಿತ್ತು. ಕೇಳಿ, ತಪ್ಪೆಂದು ಬರೆದು, ಸಹಿ ಹಾಕಿದರೆ ಹೆಸರು ವಾಪಸ್ ಬರುತ್ತದೆ. ಒಂದೊಂದಾಗಿ ಕೇಳಬೇಕು, ಬೇರೆ ದಾರಿಯಿಲ್ಲ.

ಕೇಳಿದರು.

ಆ ಹುಡುಗಿಯ ದನಿ ನಿಜಕ್ಕೂ ಮಧುರವಾಗಿತ್ತು. ಉನ್ನಾರಾ ಅಂಡಿ? ಅದಕ್ಕೆ ಓಣಿಯ ಹೆಂಗಸರ ಉತ್ತರ, ಹಿಂದೆ ಮಗ್ಗದ ಸದ್ದು. ಲೇಡು, ಪೋಯಿನಾಡು. ಆಮೇಲೆ ಆ ಹುಡುಗಿ ಒಂದು ಕ್ಷಣ ತಡೆದು, ತಗ್ಗಿದ ದನಿಯಲ್ಲಿ, ಪ್ರತಿ ಸಲವೂ ಹೇಳುತ್ತಿದ್ದಳು: ದುಃಖವಾಯಿತು ಅಮ್ಮಾ. ಯಾಕೆ ದುಃಖವೆಂದು ತಿಳಿಯದೆ ಹೆಂಗಸರು ಸುಮ್ಮನಿರುತ್ತಿದ್ದರು. ಒಬ್ಬಳು ಮಾತ್ರ, "ದುಃಖ ಏಮಿ, ಸಾಯಂತ್ರಂ ವಸ್ತಾಡು" ಎಂದಿದ್ದಳು. ಸಂಜೆಗೆ ಬರ್ತಾನೆ. ಅಷ್ಟರಲ್ಲಿ ಕರೆ ಕಡಿದಿತ್ತು.

ಯರ್ರಮ್ಮನ ದನಿ ಬಂದಾಗ ಪ್ರೇಮಲತಾ ಕಿಟಕಿಯ ಕಡೆ ತಿರುಗಿದಳು.

ಕೃಷ್ಣಮೂರ್ತಿ ಪ್ರತಿ ಹೆಸರಿಗೂ ಸಹಿ ಹಾಕಿದರು. ಹೋದ ಮೂವರ ಹೆಸರಿಗೂ ಹಾಕಲು ಹೋಗಿ ಕೈ ತಡೆದರು. ಅವು ಈಗ ನಿಜವಾಗಿದ್ದವು.

ಮೂವತ್ತೇಳು ಜನ ಬದುಕಿಬಂದರು. ಗಂಟೆ ನಾಲ್ಕೂ ನಲವತ್ತು. ಪಟ್ಟಿಯ ಕೊನೆಯಲ್ಲಿ ಒಂದೇ ಹೆಸರು ಉಳಿದಿತ್ತು. ಆಗಸ್ಟ್ ನಾಲ್ಕು, ಸೋಮವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಮಾಡಿದ ಕರೆ.

"ಇದನ್ನೂ ಕೇಳಿ ಮುಗಿಸೋಣ," ಎಂದು ಒತ್ತಿದರು.

ಈ ಸಲ ಮಗ್ಗದ ಸದ್ದಿರಲಿಲ್ಲ. ಅದರ ಬದಲು ಮೆಲ್ಲಗೆ, ಸಮನಾಗಿ, ಬೀಪ್. ಬೀಪ್. ಬೀಪ್.

ಕೃಷ್ಣಮೂರ್ತಿ ಮುಂದಕ್ಕೆ ಬಾಗಿದರು. "ಇದು... ಇದು ನಮ್ಮ ಡಯಾಲಿಸಿಸ್ ಮೆಷಿನ್ ಸದ್ದು."

ಸೋಮವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಪುಷ್ಪಾ ಮನೆಯಲ್ಲಿರಲಿಲ್ಲ. ಇದೇ ಊರಿನಲ್ಲಿ, ಇಲ್ಲಿಂದ ಅರ್ಧ ಮೈಲಿಯಲ್ಲಿ, ಕೈಗೆ ಸೂಜಿ ಹಾಕಿಸಿಕೊಂಡು ಆ ಕುರ್ಚಿಯಲ್ಲಿ ಮಲಗಿದ್ದಳು. ಕಡೆಯ ಸಲ.

"ಪುಷ್ಪಗಾರು ಉನ್ನಾರಾ ಅಂಡಿ?"

"ಲೇದು." ಹೆಣ್ಣು ದನಿ. "ಪುಷ್ಪ ಚನಿಪೋಯಿಂದಿ."

ಚನಿಪೋಯಿಂದಿ. ಸತ್ತುಹೋದಳು. ಸಮುದ್ರದ ಕಡೆಯೂ, ಗಡಿಯ ಕಡೆಯೂ, ಈ ಮಾತಿಗೆ ಎರಡನೆಯ ಅರ್ಥವಿಲ್ಲ.

ಪ್ರೇಮಲತಾ ಪರದೆಯ ಹತ್ತಿರಕ್ಕೆ ಬಾಗಿದಳು. ಈ ದನಿಯನ್ನು ಅವಳು ಇವತ್ತು ಬೆಳಿಗ್ಗೆಯೇ ಕೇಳಿದ್ದಳು, ಆ ಬೂದಿ ಬಣ್ಣದ ಮುಖದಿಂದ. ಪುಷ್ಪಾಳ ಸಾವನ್ನು ವರದಿ ಮಾಡುತ್ತಿದ್ದವಳು ಪುಷ್ಪಾ.

"ಮೀರು ಎವರಂಡಿ?" ಹುಡುಗಿ ಕೇಳಿದಳು. ನೀವು ಯಾರು?

"ವಾಳ್ಳ ಅಕ್ಕ."

ಪುಷ್ಪಾಗೆ ಅಕ್ಕ ಇಲ್ಲ. ಗೋವಿಂದಮ್ಮನಿಗೆ ಹುಟ್ಟಿದ್ದು ಒಂದೇ.

ಕೃಷ್ಣಮೂರ್ತಿ ಧ್ವನಿ ನಿಲ್ಲಿಸಿದರು. "ಮೇಡಂ, ಇದಕ್ಕೆ ನಾನು ಸಹಿ ಹಾಕೋಕಾಗಲ್ಲ. ಇದು ಶಬ್ದದ ತಪ್ಪಲ್ಲ. ಮನೆಯವರೇ ಸತ್ತಳು ಅಂತ ಸ್ಪಷ್ಟವಾಗಿ ಹೇಳಿದಾರೆ. ಆಕೆಯೇ ಐದರೊಳಗೆ ಬಂದು ನನ್ನ ಮುಂದೆ ನಿಲ್ಲಬೇಕು."

"ಐದಕ್ಕೆ ಹದಿನೈದು ನಿಮಿಷ ಇದೆ. ಅವಳು ಮೊಳಕಾಲ್ಮುರಲ್ಲಿದಾಳೆ."

"ನನಗೆ ಗೊತ್ತು."

"ಈ ದನಿ ಅವಳದೇ!"

"ಅದನ್ನ ಬರೆದುಕೊಟ್ಟರೆ ಇನ್ನೂ ಕೆಡುತ್ತೆ. ತಾನೇ ಸತ್ತೆ ಅಂದವಳಿಗೆ ಕುರ್ಚಿ ಬೇಡ ಅಂತಲೇ ಅರ್ಥ." ಅವರ ದನಿಯಲ್ಲಿ ಗಡಸಿರಲಿಲ್ಲ. ಅದೇ ಪ್ರೇಮಲತಾಳನ್ನು ಹೆದರಿಸಿತು.

"ಮುಂದೆ ಹಾಕಿ. ಪೂರ್ತಿ ಕೇಳೋಣ."

ಬೀಪ್. ಬೀಪ್.

"ಎಪ್ಪುಡು ಚನಿಪೋಯಾರಂಡಿ? ತೇದಿ?" ಯಾವಾಗ ತೀರಿಕೊಂಡರು? ತಾರೀಕು?

ಪುಷ್ಪಾಳ ಉಸಿರು ಕೇಳಿಸುತ್ತಿತ್ತು.

"ಪದಮೂಡು," ಅಂದಳು. ಹದಿಮೂರು.

ಆಗ ಅವಳ ಹತ್ತಿರದಲ್ಲೇ, ಫೋನಿಗೆ ಬಾಯಿ ತಾಗಿಸಿದಷ್ಟು ಹತ್ತಿರದಲ್ಲಿ, ಗುರುತಿಲ್ಲದ ಒಬ್ಬ ಗಂಡಸಿನ ದನಿ. ಜೋರಿಲ್ಲ. ಸಿಟ್ಟಿಲ್ಲ. ಮಗುವಿಗೆ ಪಾಠ ತಿದ್ದುವ ಹಾಗೆ, ಕನ್ನಡದಲ್ಲಿ.

"ಹದಿಮೂರಲ್ಲ. ಹದಿನಾಲ್ಕು. ಬೇಸ್ತವಾರ."

"ಪದ್ನಾಲುಗು," ಪುಷ್ಪಾ ತಿದ್ದಿ ಹೇಳಿದಳು. "ಬೇಸ್ತವಾರಂ."

"ದುಃಖವಾಯಿತು ಅಮ್ಮಾ," ಅಂದಿತು ಆ ಮಧುರ ದನಿ. ಕರೆ ಮುಗಿಯಿತು.

ಕಂಪ್ಯೂಟರಿನಲ್ಲಿ ಹುಡುಗಿ ಬರೆದುಕೊಂಡ ದಿನಾಂಕ ಜುಲೈ ಹದಿನಾಲ್ಕು. ಆಗಸ್ಟ್ ನಾಲ್ಕರಂದು ಫೋನ್ ಮಾಡಿದವಳು ಹದಿನಾಲ್ಕು ಅಂದರೆ ಹಿಂದಿನ ತಿಂಗಳದ್ದೇ ಎಂದುಕೊಂಡಿದ್ದಳು. ಇನ್ನೇನು ತಾನೆ ಅಂದುಕೊಳ್ಳಬೇಕು?

ಪ್ರೇಮಲತಾ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಒಂದು ಹಾಳೆ ಹಿಂದಕ್ಕೆ ಮಗುಚಿದಳು. ಜುಲೈ ಹದಿನಾಲ್ಕು ಸೋಮವಾರವಾಗಿತ್ತು.

ಹಾಳೆಯನ್ನು ಮುಂದಕ್ಕೆ ಬಿಟ್ಟಳು. ಹದಿನಾಲ್ಕು ಬೇಸ್ತವಾರವಾಗಿದ್ದದ್ದು ಆಗಸ್ಟಿನಲ್ಲಿ.

ಅದು ನಾಳೆ.